ಸಾವನದುರ್ಗ ರಾಜ್ಯ ಅರಣ್ಯ: ಸಂದರ್ಶಕರು ಮತ್ತು ಚಾರಣಿಗರಿಗೆ ಮಾಹಿತಿ

ಬೆಂಗಳೂರಿನ ಪಶ್ಚಿಮಕ್ಕೆ ಸುಮಾರು 60 ಕಿ.ಮೀ. ದೂರದಲ್ಲಿ, ಮಾಗಡಿ ತಾಲ್ಲೂಕಿನಲ್ಲಿರುವ ಸಾವನದುರ್ಗವು ಸಮುದ್ರಮಟ್ಟದಿಂದ 1226 ಮೀಟರ್ ಎತ್ತರವಿರುವ ಬೃಹತ್ ಏಕಶಿಲಾ ಬೆಟ್ಟವಾಗಿದೆ. ಬೆಟ್ಟದ ಸುತ್ತಲೂ ಸುಮಾರು 27 ಚದರ ಕಿ.ಮೀ. ವಿಸ್ತೀರ್ಣದ ಕುರುಚಲು ಹಾಗೂ ಒಣ ಎಲೆಯುದುರುವ ಕಾಡು ಹರಡಿಕೊಂಡಿದೆ. 2007ರಲ್ಲಿ ರಚನೆಯಾದ ರಾಮನಗರ ಜಿಲ್ಲೆಗೆ ಸೇರಿದ ಈ ತಾಲ್ಲೂಕು, 2025ರಲ್ಲಿ ಜಿಲ್ಲೆಯ ಹೆಸರು ಬದಲಾದ ನಂತರ ಬೆಂಗಳೂರು ದಕ್ಷಿಣ ಜಿಲ್ಲೆಯ ಭಾಗವಾಗಿದೆ. ರಾಜಧಾನಿಗೆ ಸಮೀಪವಿರುವುದರಿಂದ ವಾರಾಂತ್ಯದಲ್ಲಿ ಇಲ್ಲಿಗೆ ಬರುವವರ ಸಂಖ್ಯೆ ಹೆಚ್ಚು. ಬೆಳಿಗ್ಗೆ ಹೊರಟು ಸಂಜೆಯೊಳಗೆ ಮನೆ ಸೇರಬಹುದೆಂಬ ಕಾರಣಕ್ಕೆ ಬೆಟ್ಟವನ್ನು ಹಗುರವಾಗಿ ಪರಿಗಣಿಸುವವರೂ ಹೆಚ್ಚು. ಆದುದರಿಂದ ಚಾರಣಕ್ಕೆ ಅರ್ಜಿ ಸಲ್ಲಿಸುವ ಮುನ್ನ ಈ ಮಾಹಿತಿಯನ್ನು ಪೂರ್ಣವಾಗಿ ಓದಬೇಕೆಂದು ಕೋರಲಾಗಿದೆ.

ಬೆಟ್ಟದ ಸ್ವರೂಪ

ಸಾವನದುರ್ಗವು ಎರಡು ಗುಡ್ಡಗಳಿಂದ ಕೂಡಿದೆ. ಒಂದನ್ನು ಕರಿಗುಡ್ಡವೆಂದೂ ಮತ್ತೊಂದನ್ನು ಬಿಳಿಗುಡ್ಡವೆಂದೂ ಕರೆಯುತ್ತಾರೆ. ಚಾರಣಿಗರು ಸಾಮಾನ್ಯವಾಗಿ ಏರುವುದು ಬಿಳಿಗುಡ್ಡವನ್ನು. ಕರಿಗುಡ್ಡವು ಹೆಚ್ಚು ಕಾಡಿನಿಂದ ಕೂಡಿದ್ದು, ಅಪರಿಚಿತರು ಅಲ್ಲಿ ದಾರಿ ಕಂಡುಕೊಳ್ಳುವುದು ಕಷ್ಟ.

ಬೆಟ್ಟವು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಭೂವಿಜ್ಞಾನದಲ್ಲಿ ಹೆಸರಾದ ಶಿಲಾಪಟ್ಟಿಯ ಭಾಗವಾಗಿದೆ. ರಾಮನಗರದ ಬ್ರಿಟಿಷರ ಕಾಲದ ಹೆಸರಿನಿಂದ ಗುರುತಿಸಲ್ಪಡುವ ಈ ಪಟ್ಟಿಯು ರಾಜ್ಯದ ಉತ್ತರ ದಕ್ಷಿಣವಾಗಿ ನೂರಾರು ಕಿ.ಮೀ. ಚಾಚಿಕೊಂಡಿದೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷಗಳು. ಇಂತಹ ಶಿಲೆಯ ಮೇಲ್ಪದರವು ಕಾಲಕ್ರಮದಲ್ಲಿ ಈರುಳ್ಳಿಯ ಸಿಪ್ಪೆಯಂತೆ ಪದರಪದರವಾಗಿ ಕಳಚಿಕೊಳ್ಳುವುದರಿಂದ ಬೆಟ್ಟವು ಗುಮ್ಮಟದ ಆಕಾರವನ್ನು ಪಡೆದಿದೆ. ಈ ಆಕಾರವನ್ನು ಚಾರಣಿಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಗುಮ್ಮಟದ ನೆತ್ತಿಯಲ್ಲಿ ಇಳಿಜಾರು ಸೌಮ್ಯವಾಗಿರುತ್ತದೆ. ಕೆಳಗಿಳಿದಂತೆಲ್ಲ ಅದು ಕಡಿದಾಗುತ್ತ ಹೋಗಿ, ಕೆಲವು ಕಡೆ ನೇರ ಪ್ರಪಾತದಲ್ಲಿ ಕೊನೆಗೊಳ್ಳುತ್ತದೆ. ಮೇಲೆ ನಿಂತವರಿಗೆ ಆ ಅಂಚು ಕಾಣಿಸುವುದಿಲ್ಲ.

ಚಾರಿತ್ರಿಕ ಹಿನ್ನೆಲೆ

ಹೊಯ್ಸಳ ಮೂರನೆಯ ಬಲ್ಲಾಳನ ಕಾಲದ, ಕ್ರಿ.ಶ. 1340ರ ಮಾಡಬಾಳಿನ ಶಾಸನದಲ್ಲಿ ಈ ಸ್ಥಳವನ್ನು ಸಾವಂದಿ ಎಂದು ಹೆಸರಿಸಲಾಗಿದೆ. ಅಚ್ಯುತರಾಯನ ಕಾಲದಲ್ಲಿ ಮಾಗಡಿಯಲ್ಲಿದ್ದ ಸಾಮಂತರಾಯನಿಂದ ಸಾಮಂತದುರ್ಗವೆಂಬ ಹೆಸರು ಬಂದು, ಅದೇ ಸಾವನದುರ್ಗವಾಯಿತೆಂಬ ಹೇಳಿಕೆಯೂ ಇದೆ. ಇದನ್ನು ದೃಢಪಡಿಸುವ ಶಾಸನವಿಲ್ಲ. 1638ರಲ್ಲಿ ಬೆಂಗಳೂರು ಬಿಜಾಪುರದ ಸೈನ್ಯದ ವಶವಾದ ಮೇಲೆ ಕೆಂಪೇಗೌಡರ ವಂಶಸ್ಥರು ಮಾಗಡಿಯನ್ನು ನೆಲೆಯಾಗಿಸಿಕೊಂಡರು. ಸಾವನದುರ್ಗವು ಅವರ ಭದ್ರಕೋಟೆಯಾಯಿತು. 1728ರಲ್ಲಿ ಅದು ಮೈಸೂರು ಸಂಸ್ಥಾನದ ಅಧೀನಕ್ಕೆ ಬಂದಿತು.

ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಡಿಸೆಂಬರ್ ತಿಂಗಳಲ್ಲಿ, ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಟಿಪ್ಪು ಸುಲ್ತಾನನ ಪಡೆಯಿಂದ ಈ ಕೋಟೆಯನ್ನು ವಶಪಡಿಸಿಕೊಂಡಿತು. ಆ ಕಾಲದಲ್ಲಿ ಬೆಟ್ಟಕ್ಕೆ ಮೆಟ್ಟಿಲುಗಳಿರಲಿಲ್ಲ. ಸುತ್ತಲಿನ ಬಿದಿರು ಮೆಳೆ ಮತ್ತು ಮರಗಳೇ ಕೋಟೆಗೆ ಬೇಲಿಯಾಗಿದ್ದವು. ಬ್ರಿಟಿಷ್ ಸೈನ್ಯದೊಡನೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ 1794ರಲ್ಲಿ ಪ್ರಕಟಿಸಿದ ಮೈಸೂರು ದೃಶ್ಯಗಳ ಸಂಪುಟದಲ್ಲಿ ಇದರ ಚಿತ್ರವಿದ್ದು, ಹೆಸರಿಗೆ ಸಾವಿನ ದುರ್ಗವೆಂಬ ಅರ್ಥವನ್ನು ಕೊಡಲಾಗಿದೆ. ಹೆಸರಿನ ಮೂಲ ಅದಲ್ಲ. ಆದರೂ ಕನ್ನಡ ಬಲ್ಲವರ ಕಿವಿಗೆ ಆ ಧ್ವನಿ ಕೇಳಿಸದಿರುವುದಿಲ್ಲ. ಡೇವಿಡ್ ಲೀನ್ ನಿರ್ದೇಶನದ, 1984ರಲ್ಲಿ ತೆರೆಕಂಡ ಎ ಪ್ಯಾಸೇಜ್ ಟು ಇಂಡಿಯಾ ಚಲನಚಿತ್ರದ ಗುಹೆಗಳ ದೃಶ್ಯಗಳಿಗೆ ಸಾವನದುರ್ಗ ಮತ್ತು ರಾಮದೇವರ ಬೆಟ್ಟಗಳನ್ನು ಬಳಸಿಕೊಳ್ಳಲಾಗಿತ್ತು.

ಬೆಟ್ಟದ ಬುಡದಲ್ಲಿ ಸಾವಂದಿ ವೀರಭದ್ರಸ್ವಾಮಿ ಹಾಗೂ ನರಸಿಂಹಸ್ವಾಮಿ ದೇವಾಲಯಗಳಿವೆ. ದೇವರ ದರ್ಶನಕ್ಕೆ ಮಾತ್ರ ಬರುವ ಭಕ್ತಾದಿಗಳು ಚಾರಣದ ಅನುಮತಿ ಪಡೆಯಬೇಕಾಗಿಲ್ಲ.

ತಲುಪುವ ಬಗೆ

ಬೆಂಗಳೂರಿನಿಂದ ಮಾಗಡಿ ರಸ್ತೆಯ ಮೂಲಕ ಮಾಗಡಿಗೆ ಸರ್ಕಾರಿ ಹಾಗೂ ಖಾಸಗಿ ಬಸ್ಸುಗಳ ಸೌಲಭ್ಯವಿದೆ. ಮಾಗಡಿಯಿಂದ ಬೆಟ್ಟದ ಬುಡಕ್ಕೆ ಸುಮಾರು 12 ಕಿ.ಮೀ. ಅಂತರವಿದ್ದು, ಈ ಭಾಗದಲ್ಲಿ ಬಸ್ಸುಗಳ ಸಂಖ್ಯೆ ಕಡಿಮೆ. ಹಿಂದಿರುಗುವ ಬಸ್ಸಿನ ಸಮಯವನ್ನು ಹೋಗುವಾಗಲೇ ವಿಚಾರಿಸಿಕೊಳ್ಳುವುದು ಸೂಕ್ತ.

ಚಾರಣಕ್ಕೆ ಅನುಮತಿ

ರಾಜ್ಯದ ಅರಣ್ಯ ಪ್ರದೇಶದ ಚಾರಣಪಥಗಳಿಗೆ ಮುಂಗಡವಾಗಿ ಆನ್‌ಲೈನ್ ಮೂಲಕ ಅನುಮತಿ ಪಡೆಯುವ ವ್ಯವಸ್ಥೆ ಜಾರಿಯಲ್ಲಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯ ಸಂದರ್ಭದಲ್ಲಿ, ಕುಮಾರಪರ್ವತದ ದಾರಿಯಲ್ಲಿ ಒಮ್ಮೆಲೇ ಸಾವಿರಾರು ಜನರು ಸೇರಿದ ಘಟನೆಯ ನಂತರ ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಪಥಗಳಲ್ಲಿ ಚಾರಣವನ್ನು ನಿಲ್ಲಿಸಲಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಅರಣ್ಯ ವಿಹಾರ ಎಂಬ ಜಾಲತಾಣವು ಆರಂಭವಾಗಿ, ಒಂದು ಚಾರಣಪಥಕ್ಕೆ ದಿನವೊಂದಕ್ಕೆ ಗರಿಷ್ಠ 300 ಜನರೆಂಬ ಮಿತಿಯನ್ನು ನಿಗದಿಪಡಿಸಲಾಯಿತು.

ಅರ್ಜಿದಾರರು ಸದರಿ ಜಾಲತಾಣದಲ್ಲಿ ಚಾರಣದ ಸ್ಥಳ, ದಿನಾಂಕ ಮತ್ತು ವೇಳೆಯನ್ನು ಆಯ್ದುಕೊಂಡು, ತಂಡದ ಪ್ರತಿಯೊಬ್ಬ ಸದಸ್ಯರ ವಿವರಗಳನ್ನು ನಮೂದಿಸಿ ನಿಗದಿತ ಶುಲ್ಕವನ್ನು ಪಾವತಿಸಬೇಕು. ಆಯಾ ದಿನದ ಲಭ್ಯತೆ, ಶುಲ್ಕ ಮತ್ತು ರದ್ದತಿಯ ನಿಯಮಗಳನ್ನು ಕಾಯ್ದಿರಿಸುವ ಪುಟದಲ್ಲಿಯೇ ನೋಡತಕ್ಕದ್ದು. ಕಾಯ್ದಿರಿಸುವಾಗ ನಮೂದಿಸಿದ ಗುರುತಿನ ಚೀಟಿಯ ಮೂಲಪ್ರತಿಯನ್ನೇ ಸ್ಥಳದಲ್ಲಿ ಹಾಜರುಪಡಿಸಬೇಕು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭೀತಿ ಇರುವಾಗ ಅಥವಾ ಭಾರೀ ಮಳೆಯ ಸಂದರ್ಭದಲ್ಲಿ ಚಾರಣವನ್ನು ಮುನ್ಸೂಚನೆ ಇಲ್ಲದೆ ಸ್ಥಗಿತಗೊಳಿಸಬೇಕಾಗಬಹುದು. ಹೊರಡುವ ಹಿಂದಿನ ದಿನ ಮತ್ತೊಮ್ಮೆ ಪರಿಶೀಲಿಸಿಕೊಳ್ಳುವುದು ಒಳ್ಳೆಯದು.

ಹೆಸರು ಮತ್ತು ದೂರವಾಣಿ ಸಂಖ್ಯೆಗಳನ್ನು ಏಕೆ ಕೇಳಲಾಗುತ್ತದೆಂಬ ಪ್ರಶ್ನೆ ಸಾರ್ವಜನಿಕರಲ್ಲಿ ಮೂಡುವುದು ಸಹಜ. ಇದು ಶುಲ್ಕ ವಸೂಲಿಗಾಗಿ ಮಾತ್ರವಲ್ಲ. ಬೆಳಿಗ್ಗೆ ಬೆಟ್ಟ ಹತ್ತಿದವರ ಪಟ್ಟಿಯಿದ್ದಾಗ ಮಾತ್ರ ಸಂಜೆ ಇಳಿಯದೆ ಉಳಿದವರು ಯಾರೆಂದು ತಿಳಿಯಲು ಸಾಧ್ಯ. ಬೇರೆ ದಾರಿಯಿಂದ ನುಸುಳಿ ಹೋದವರ ಹೆಸರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಅಂತಹವರು ಕಾಲು ಮುರಿದುಕೊಂಡು ಬಂಡೆಯ ಮರೆಯಲ್ಲಿ ಬಿದ್ದಿದ್ದರೂ, ಮನೆಯವರು ಗಾಬರಿಗೊಂಡು ಪೊಲೀಸ್ ಠಾಣೆಗೆ ಹೋಗುವವರೆಗೆ ಅವರನ್ನು ಹುಡುಕಬೇಕೆಂದು ಯಾರಿಗೂ ಹೊಳೆಯುವುದಿಲ್ಲ. ಹುಡುಕಲು ಹೊರಟವರಿಗೂ ಅವರು ಯಾವ ಬೆಟ್ಟಕ್ಕೆ ಹೋದರೆಂಬುದು ತಿಳಿದಿರುವುದಿಲ್ಲ.

ಏರುವ ದಾರಿ

ದಾರಿಯು ದೇವಾಲಯದ ಸಮೀಪದಿಂದ ಆರಂಭವಾಗಿ, ಸ್ವಲ್ಪ ದೂರ ಕುರುಚಲು ಕಾಡಿನ ನಡುವೆ ಸಾಗಿ, ನಂತರ ತೆರೆದ ಬಂಡೆಯ ಮೇಲೆ ಏರುತ್ತದೆ. ಮಧ್ಯದಲ್ಲಿ ಹಳೆಯ ಕೋಟೆಯ ಗೋಡೆಗಳ ಅವಶೇಷಗಳು, ಮಳೆನೀರು ನಿಲ್ಲುವ ದೊಣೆಗಳು ಸಿಗುತ್ತವೆ. ಶಿಖರದಲ್ಲಿ ಬಸವಣ್ಣನ ಮಂಟಪವಿದೆ. ಅಲ್ಲಿಂದ ಮಂಚನಬೆಲೆ ಜಲಾಶಯ ಹಾಗೂ ಅರ್ಕಾವತಿ ನದಿಯ ಕಣಿವೆಯ ನೋಟ ರಮಣೀಯವಾಗಿರುತ್ತದೆ. ಸಾಮಾನ್ಯ ದೇಹದಾರ್ಢ್ಯವುಳ್ಳವರಿಗೆ ಏರಲು ಸುಮಾರು ಎರಡು ಗಂಟೆ ಹಿಡಿಯುತ್ತದೆ. ಇಳಿಯಲು ಅದರ ಅರ್ಧ ಸಾಕೆಂದು ಲೆಕ್ಕ ಹಾಕುವುದು ತಪ್ಪು. ಅಷ್ಟೇ ಸಮಯವನ್ನು ಮೀಸಲಿಡಬೇಕು.

ದಾರಿಯುದ್ದಕ್ಕೂ ಕುಡಿಯುವ ನೀರು ದೊರೆಯುವುದಿಲ್ಲ. ದೊಣೆಗಳ ನೀರು ಕುಡಿಯಲು ಯೋಗ್ಯವಲ್ಲ. ಬೇಸಿಗೆಯಲ್ಲಿ ಕಾಡುಪ್ರಾಣಿಗಳಿಗೆ ಅದೇ ಆಸರೆಯಾದುದರಿಂದ ಅದರಲ್ಲಿ ಕೈಕಾಲು ತೊಳೆಯುವುದೂ ಸಲ್ಲದು. ಪ್ರತಿಯೊಬ್ಬರೂ ಕನಿಷ್ಠ ಎರಡರಿಂದ ಮೂರು ಲೀಟರ್ ನೀರನ್ನು ತಾವೇ ಹೊತ್ತೊಯ್ಯಬೇಕು. ಬಂಡೆಯ ಮೇಲೆ ನೆರಳು ಅತಿ ವಿರಳ. ಫೆಬ್ರವರಿಯಿಂದ ಮೇವರೆಗೆ ಬೆಳಿಗ್ಗೆ ಹತ್ತು ಗಂಟೆಯ ವೇಳೆಗಾಗಲೇ ಶಿಲೆಯು ಕಾಯಲಾರಂಭಿಸುತ್ತದೆ. ಮಧ್ಯಾಹ್ನ ಮೇಲಿನಿಂದ ಬಿಸಿಲು, ಕೆಳಗಿನಿಂದ ಕಾದ ಬಂಡೆಯ ಝಳ. ತಲೆಸುತ್ತು, ವಾಕರಿಕೆ, ಬೆವರು ನಿಂತುಹೋಗುವುದು ಮುಂತಾದ ಲಕ್ಷಣಗಳು ಕಂಡುಬಂದವರನ್ನು ಶಿಖರ ಹತ್ತಿರವಿದೆಯೆಂದು ಹುರಿದುಂಬಿಸಬಾರದು. ನೆರಳಿನಲ್ಲಿ ಕೂರಿಸಿ, ಮೈಗೆ ನೀರು ಹಚ್ಚಿ ಗಾಳಿ ಬೀಸಿ, ಕೂಡಲೇ ಸಹಾಯ ಕೋರಬೇಕು. ಮಳೆಗಾಲದಲ್ಲಿ ತೊಂದರೆಯ ಸ್ವರೂಪವೇ ಬೇರೆ. ನೀರು ಹರಿಯುವ ಜಾಗದಲ್ಲಿ ಬಂಡೆಯ ಮೇಲೆ ಪಾಚಿ ಬೆಳೆಯುತ್ತದೆ. ಒಣಗಿದಾಗ ಕಪ್ಪು ಗೆರೆಯಂತೆ ಕಾಣುವ ಆ ಪಟ್ಟಿಯು ಸಣ್ಣ ಹನಿಗೂ ಸಾಬೂನಿನಂತೆ ಜಾರುತ್ತದೆ. ಕಪ್ಪು ಪಟ್ಟಿಗಳ ಮೇಲೆ ಕಾಲಿಡದಿರುವುದು ಕ್ಷೇಮ.

ಇಳಿಯುವಾಗ ವಹಿಸಬೇಕಾದ ಎಚ್ಚರ

ಈ ಬೆಟ್ಟದಲ್ಲಿ ದಾರಿ ತಪ್ಪುವ ಸಂಭವ ಏರುವಾಗ ಕಡಿಮೆ, ಇಳಿಯುವಾಗ ಹೆಚ್ಚು. ಏರುವವರಿಗೆ ಗುರಿ ಒಂದೇ. ಯಾವ ಕಡೆಯಿಂದ ಮೇಲಕ್ಕೆ ಹೋದರೂ ಶಿಖರ ಸಿಗುತ್ತದೆ. ಶಿಖರದಿಂದ ಕೆಳಕ್ಕೆ ಮಾತ್ರ ದಿಕ್ಕುಗಳು ಹಲವು, ಸುರಕ್ಷಿತವಾದ ದಾರಿ ಒಂದೇ. ಬಂಡೆಯ ಮೇಲೆ ಹೆಜ್ಜೆಗುರುತು ಮೂಡುವುದಿಲ್ಲ. ಬಣ್ಣದ ಬಾಣದ ಗುರುತುಗಳು ಏರುವವರ ಕಣ್ಣಿಗೆ ಬೀಳುವಂತಿದ್ದು, ಇಳಿಯುವವರಿಗೆ ಹಲವೆಡೆ ಬಂಡೆಯ ಮರೆಯಾಗುತ್ತವೆ. ಆದುದರಿಂದ ಏರುವಾಗಲೇ ಆಗಾಗ ನಿಂತು, ಹಿಂದಿರುಗಿ ನೋಡಿ, ಕೋಟೆಗೋಡೆಯ ಬಾಗಿಲು, ಒಂಟಿಮರ, ಕೆಳಗಿನ ದೇವಾಲಯದ ಗೋಪುರ ಯಾವ ಕಡೆಗಿದೆ ಎಂಬುದನ್ನು ಗುರುತಿಟ್ಟುಕೊಳ್ಳಬೇಕು.

ಹತ್ತಿರದ ದಾರಿಯೆಂದು ಭಾವಿಸಿ ಸೌಮ್ಯವಾದ ಇಳಿಜಾರನ್ನು ಹಿಡಿದವರು ನೂರು ಹೆಜ್ಜೆ ಇಳಿಯುವಷ್ಟರಲ್ಲಿ ಬಂಡೆ ಕಡಿದಾಗಿರುವುದನ್ನು ಕಾಣುತ್ತಾರೆ. ಅಲ್ಲಿ ಅನೇಕರು ಕುಳಿತು ಜಾರುತ್ತ ಇನ್ನೂ ಸ್ವಲ್ಪ ಕೆಳಗಿಳಿಯುತ್ತಾರೆ. ಜಾರಿಕೊಂಡು ಇಳಿದ ಬಂಡೆಯನ್ನು ಮತ್ತೆ ಏರಲಾಗದು. ಮುಂದೆ ಪ್ರಪಾತ, ಹಿಂದೆ ಏರಲಾರದ ಬಂಡೆ ಎಂಬ ಸ್ಥಿತಿ ಒದಗುವುದು ಹೀಗೆ. ಪರಿಚಿತ ಗುರುತೊಂದು ಹತ್ತು ನಿಮಿಷಗಳಲ್ಲಿ ಕಾಣಿಸದಿದ್ದರೆ ಮುಂದುವರಿಯಬಾರದು. ಕೊನೆಯದಾಗಿ ಕಂಡ ಗುರುತಿನವರೆಗೆ ವಾಪಸ್ಸು ಏರಬೇಕು. ಆಯಾಸವಾದವರಿಗೆ ಇದು ಕಷ್ಟವೆನಿಸುತ್ತದೆ. ಆದರೂ ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಏರಲೂ ಇಳಿಯಲೂ ಸಾಧ್ಯವಿಲ್ಲದ ಜಾಗದಲ್ಲಿ ಸಿಲುಕಿದವರು ಇದ್ದಲ್ಲಿಯೇ ಕುಳಿತು ದೂರವಾಣಿಯ ಮೂಲಕ ತಿಳಿಸಬೇಕು. ಬಟ್ಟೆ ಬೀಸುವುದು, ಸೀಟಿ ಊದುವುದು, ಕತ್ತಲಾದರೆ ಟಾರ್ಚ್ ಬೆಳಗಿಸುವುದು ಹುಡುಕುವವರಿಗೆ ನೆರವಾಗುತ್ತದೆ.

ನಗರದ ಸಮೀಪದ ಬೆಟ್ಟದಲ್ಲಿ ಅಪಾಯವೇನಿದ್ದೀತು ಎನ್ನುವವರು 2022ರ ಫೆಬ್ರವರಿ 20ರ ಘಟನೆಯನ್ನು ಗಮನಿಸಬಹುದು. ಅಂದು ನಂದಿಬೆಟ್ಟದ ಪ್ರದೇಶದಲ್ಲಿ ಕಾಲುಜಾರಿ ಸುಮಾರು 300 ಅಡಿ ಕೆಳಗೆ ಬಿದ್ದು ಬಂಡೆಯ ಅಂಚಿನಲ್ಲಿ ಸಿಲುಕಿದ 19 ವರ್ಷದ ವಿದ್ಯಾರ್ಥಿಯೊಬ್ಬನನ್ನು ಮೇಲೆತ್ತಲು ಭಾರತೀಯ ವಾಯುಪಡೆಯ ಹೆಲಿಕಾಪ್ಟರನ್ನೇ ಕರೆಸಬೇಕಾಯಿತು. ವಿಮಾನ ನಿಲ್ದಾಣಕ್ಕೆ ಅಷ್ಟು ಹತ್ತಿರದ ಬೆಟ್ಟದಲ್ಲಿಯೂ ನೆಲದ ಮೇಲಿನಿಂದ ಆತನನ್ನು ತಲುಪಲಾಗಲಿಲ್ಲ. ಆತ ಬದುಕುಳಿದ.

ಮಾರ್ಗದರ್ಶಕರನ್ನು ಬಿಟ್ಟು ಮುಂದೆ ಹೋಗುವುದು, ತಂಡವು ಚದುರಿಹೋಗುವುದು ಸರಿಯಲ್ಲ. ಎಲ್ಲರಿಗಿಂತ ನಿಧಾನವಾಗಿ ನಡೆಯುವವರ ವೇಗವೇ ತಂಡದ ವೇಗವಾಗಿರಬೇಕು. ಕತ್ತಲಾಗುವುದಕ್ಕೆ ಕನಿಷ್ಠ ಎರಡೂವರೆ ಗಂಟೆ ಇರುವಾಗಲೇ, ಶಿಖರ ಮುಟ್ಟಿರಲಿ ಬಿಡಲಿ, ಇಳಿಯಲು ಆರಂಭಿಸತಕ್ಕದ್ದು.

ಅರಣ್ಯ ಮತ್ತು ವನ್ಯಜೀವಿಗಳು

ಇಲ್ಲಿನ ಕಾಡನ್ನು ದೂರದಿಂದ ನೋಡಿದವರಿಗೆ ಅದು ಮುಳ್ಳುಪೊದೆಗಳ ಬಂಜರಿನಂತೆ ತೋರಬಹುದು. ವಾಸ್ತವವಾಗಿ 59 ಜಾತಿಯ ಮರಗಳು ಮತ್ತು 119 ಜಾತಿಯ ಪೊದೆಸಸ್ಯಗಳು ಇಲ್ಲಿ ದಾಖಲಾಗಿವೆ. ದಿಂಡಿಗ, ಹುರುಗಲು, ಚುಜ್ಜಲು ಇಲ್ಲಿಯ ಮುಖ್ಯ ಮರಗಳು. ಬಂಡೆಯ ಸಂದುಗಳಲ್ಲಿ ಬೆಳೆಯುವ ಮಾಕಳಿಬೇರಿನ ಬಳ್ಳಿಯು ದಕ್ಷಿಣ ಭಾರತದ ಇಂತಹ ಒಣಬೆಟ್ಟಗಳ ಸಸ್ಯ. ಉಪ್ಪಿನಕಾಯಿಗೆ ಹೆಸರಾದ ಈ ಬೇರನ್ನು ಕೀಳುವುದೆಂದರೆ ಇಡೀ ಬಳ್ಳಿಯನ್ನೇ ಕೊಲ್ಲುವುದು. ಅರಣ್ಯದಿಂದ ಬೇರು, ತೊಗಟೆ, ಗಿಡಮೂಲಿಕೆಗಳನ್ನು ತೆಗೆಯುವುದು ಅಪರಾಧವಾಗಿದೆ.

ಹಳದಿ ಕೊರಳಿನ ಪಿಕಳಾರವೆಂಬ ಹಕ್ಕಿಯು ದಕ್ಷಿಣ ಭಾರತದ ಬಂಡೆಗುಡ್ಡಗಳ ಕುರುಚಲು ಕಾಡುಗಳಲ್ಲಲ್ಲದೆ ಪ್ರಪಂಚದ ಬೇರೆಲ್ಲಿಯೂ ಇಲ್ಲ; ಅದು ಇಲ್ಲಿ ಕಾಣಸಿಗುತ್ತದೆ. ಹಿಂದೆ ಇಲ್ಲಿನ ಕಡಿದಾದ ಬಂಡೆಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳೂ ಇದ್ದವು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿಯು ಸತ್ತ ಪ್ರಾಣಿಗಳ ಮಾಂಸದ ಮೂಲಕ ದೇಶದಾದ್ಯಂತ ರಣಹದ್ದುಗಳನ್ನು ಕೊಂದಿತು. ಪಶುಚಿಕಿತ್ಸೆಯಲ್ಲಿ ಅದರ ಬಳಕೆಯನ್ನು 2006ರಲ್ಲಿ ನಿಷೇಧಿಸಲಾಯಿತು. ಇದೇ ಜಿಲ್ಲೆಯ ರಾಮದೇವರ ಬೆಟ್ಟವನ್ನು 2012ರಲ್ಲಿ ರಣಹದ್ದು ವನ್ಯಜೀವಿಧಾಮವೆಂದು ಘೋಷಿಸಲಾಗಿದೆ.

ಕಾಡಿನಲ್ಲಿ ಕರಡಿ ಮತ್ತು ಚಿರತೆಗಳಿವೆ. ಆನೆಗಳೂ ಈ ಭಾಗಕ್ಕೆ ಬರುವುದುಂಟು. ಇವುಗಳಲ್ಲಿ ಕರಡಿಯ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಹಠಾತ್ತನೆ ಎದುರಾದಾಗ ಅದು ಓಡಿಹೋಗುವ ಬದಲು ಮೇಲೆ ಬೀಳುವ ಸಂಭವ ಹೆಚ್ಚು. ಬಂಡೆಗಳ ಸಂದು, ಗವಿಗಳಲ್ಲಿ ಇಣುಕಿ ನೋಡಬಾರದು. ನಸುಕಿನಲ್ಲಿ ಹಾಗೂ ಮುಸ್ಸಂಜೆಯಲ್ಲಿ ಸಹಜ ಧ್ವನಿಯಲ್ಲಿ ಮಾತನಾಡುತ್ತ ನಡೆದರೆ ಪ್ರಾಣಿಗೆ ಮನುಷ್ಯರ ಸುಳಿವು ದೊರೆತು ಅದೇ ದೂರ ಸರಿಯುತ್ತದೆ. ಬಂಡೆಯ ಚಾಚುಗಳ ಕೆಳಗೆ ಹೆಜ್ಜೇನು ಗೂಡುಗಳಿರುತ್ತವೆ. ಹೊಗೆ ಹಾಗೂ ಗಾಢವಾದ ಸುಗಂಧದ್ರವ್ಯಗಳು ಅವುಗಳನ್ನು ಕೆರಳಿಸುತ್ತವೆ. ದೇವಾಲಯದ ಬಳಿಯ ಕೋತಿಗಳಿಗೆ ತಿನಿಸು ನೀಡಬಾರದು.

ನಿಷೇಧಿಸಲಾದ ಕೃತ್ಯಗಳು

ಕರ್ನಾಟಕ ಅರಣ್ಯ ಕಾಯ್ದೆ, 1963 ಮತ್ತು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಉಪಬಂಧಗಳು ಚಾರಣಿಗರಿಗೂ ಅನ್ವಯಿಸುತ್ತವೆ. ಅನುಮತಿಯಿಲ್ಲದೆ ಅರಣ್ಯ ಪ್ರವೇಶಿಸುವುದು, ಬೆಂಕಿ ಹಚ್ಚುವುದು, ಧೂಮಪಾನ, ಮದ್ಯಪಾನ, ಧ್ವನಿವರ್ಧಕ ಬಳಕೆ, ರಾತ್ರಿ ತಂಗುವುದು, ಕೋಟೆಗೋಡೆ ಹಾಗೂ ಬಂಡೆಗಳ ಮೇಲೆ ಹೆಸರು ಬರೆಯುವುದನ್ನು ನಿಷೇಧಿಸಲಾಗಿದೆ. ಬೇಸಿಗೆಯಲ್ಲಿ ಎದೆಯೆತ್ತರ ಒಣಗಿ ನಿಂತ ಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ಬೆಂಕಿಯು ಇಳಿಜಾರಿನಲ್ಲಿ ಮೇಲಕ್ಕೆ ಹಬ್ಬುವ ವೇಗದಲ್ಲಿ ಮನುಷ್ಯನು ಮೇಲಕ್ಕೆ ಓಡಲಾರ. ಬೆಂಕಿ ಕಂಡವರು ಹುಲ್ಲಿಲ್ಲದ ತೆರೆದ ಬಂಡೆಯ ಮೇಲೆ ಪಕ್ಕಕ್ಕೆ ಸರಿಯಬೇಕು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ವಸ್ತುಗಳನ್ನು ಒಯ್ಯುವಂತಿಲ್ಲ. ಚಲನಚಿತ್ರ ಚಿತ್ರೀಕರಣ, ಡ್ರೋನ್ ಬಳಕೆ ಹಾಗೂ ಸಂಶೋಧನೆಗೆ ಚಾರಣದ ಅನುಮತಿ ಅನ್ವಯಿಸುವುದಿಲ್ಲ. ಇವುಗಳಿಗೆ ಇಲಾಖೆಯ ಸಕ್ಷಮ ಪ್ರಾಧಿಕಾರದಿಂದ ಪ್ರತ್ಯೇಕ ಅನುಮತಿ ಪಡೆಯತಕ್ಕದ್ದು.

ಚಾರಣ ಮುಗಿಸಿದ ಹಲವರು ದಣಿವಾರಿಸಿಕೊಳ್ಳಲು ಸಮೀಪದ ಮಂಚನಬೆಲೆ ಜಲಾಶಯಕ್ಕೆ ಹೋಗುವುದುಂಟು. ಅಲ್ಲಿ ಈಜಲು ಇಳಿದು ಪ್ರಾಣ ಕಳೆದುಕೊಂಡವರು ಅನೇಕರು. ನೀರು ಮೇಲ್ನೋಟಕ್ಕೆ ನಿಶ್ಚಲವಾಗಿದ್ದರೂ ತಳದಲ್ಲಿ ಕೆಸರು ಮತ್ತು ಹಠಾತ್ತಾದ ಆಳವಿದೆ. ನೀರಿಗೆ ಇಳಿಯಕೂಡದು.

ತುರ್ತು ಸಂದರ್ಭದಲ್ಲಿ

ಅಪಘಾತ ಅಥವಾ ದಾರಿ ತಪ್ಪಿದ ಸಂದರ್ಭದಲ್ಲಿ ತುರ್ತು ಸೇವೆಯ 112 ಸಂಖ್ಯೆಗೆ, ಕಾಡ್ಗಿಚ್ಚು ಹಾಗೂ ವನ್ಯಜೀವಿಗಳಿಗೆ ಸಂಬಂಧಿಸಿದಂತೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಬಹುದು. ಕರೆ ಮಾಡುವವರು ಬೆಟ್ಟದ ಹೆಸರು, ಎಷ್ಟು ಜನರಿದ್ದಾರೆ, ಗಾಯಗೊಂಡವರ ಸ್ಥಿತಿ ಮತ್ತು ಕೊನೆಯದಾಗಿ ಕಂಡ ಗುರುತನ್ನು ತಿಳಿಸಬೇಕು. ಬೆಟ್ಟದ ಎಲ್ಲ ಬದಿಗಳಲ್ಲಿಯೂ ದೂರವಾಣಿಯ ಸಂಕೇತ ಸಿಗುತ್ತದೆಂಬ ಭರವಸೆ ಇಲ್ಲದಿರುವುದರಿಂದ, ಹೊರಡುವ ಮುನ್ನ ಹಿಂದಿರುಗುವ ವೇಳೆಯನ್ನು ಮನೆಯವರಿಗೆ ತಿಳಿಸಿರಬೇಕು. ಇಳಿದು ಬಂದವರು ಪ್ರವೇಶಸ್ಥಳದ ಸಿಬ್ಬಂದಿಗೆ ತಮ್ಮ ತಂಡದ ಎಲ್ಲರೂ ಮರಳಿದ್ದಾರೆಂದು ವರದಿ ಮಾಡಿಯೇ ಹೊರಡತಕ್ಕದ್ದು. ವರದಿ ಮಾಡದೆ ಬಸ್ಸು ಹಿಡಿದು ಹೋದವರಿಗಾಗಿ ಸಿಬ್ಬಂದಿಯು ರಾತ್ರಿ ಟಾರ್ಚ್ ಹಿಡಿದು ಬಂಡೆಯ ಮೇಲೆ ಹುಡುಕಬೇಕಾಗುತ್ತದೆ.